ಗಾಳಿ ಬಿಟ್ಟ ಇಪ್ಪತ್ತೇಳು ದಿನ

ಜನವರಿ 12, ಭಾನುವಾರ. ಆ ದಿನಕ್ಕೆ ನನ್ನ ದಿನಚರಿಯಲ್ಲಿರುವುದು ಮೂರೇ ಸಾಲು. ದಡದಿಂದ ಹೊರಟದ್ದು 9.10. ಗಾಳಿ ನಿಂತದ್ದು 10.05. ಮಾಮನ ಕೈ ನಡುಗಲು ಶುರುವಾದದ್ದು 12.40. ವಾಪಸ್ ದಡ ಮುಟ್ಟಿದ ಹೊತ್ತನ್ನು ಬರೆದಿಲ್ಲ. ಹೊತ್ತು ಬರೆಯದ ದಿನಗಳು ನನ್ನ ಪುಸ್ತಕದಲ್ಲಿ ಬಹಳ ಕಡಿಮೆ.

ಮಾಮ ಎಂದರೆ ಅಮ್ಮನ ಅಣ್ಣ. ಮೂವತ್ತು ವರ್ಷ ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡಿ ಹೊಸದುರ್ಗಕ್ಕೆ ಬಂದು ನೆಲೆಸಿದವರು. ಅಷ್ಟು ವರ್ಷ ಸಮುದ್ರದ ಮೇಲಿದ್ದರೂ ಸಮುದ್ರವನ್ನು ಸರಿಯಾಗಿ ನೋಡಲೇ ಇಲ್ಲ ಎಂದು ಅವರೇ ಹೇಳುತ್ತಾರೆ. ಇಂಜಿನ್ ಕೋಣೆಗೆ ಕಿಟಕಿ ಇರಲಿಲ್ಲ. ಅದಕ್ಕೇ ಇರಬೇಕು, ನಿವೃತ್ತಿಯಾದ ಮೇಲೆ ಕಾರವಾರದಿಂದ ಒಂದು ಹಳೆಯ ಹಾಯಿದೋಣಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಇಪ್ಪತ್ತೊಂದು ಅಡಿ ಉದ್ದ. ನಡುವೆ ಗೂಡಿನಂಥ ಒಂದು ಕೋಣೆ, ಅದರೊಳಗೆ ಇಬ್ಬರು ಮಲಗುವಷ್ಟು ಜಾಗ, ಒಂದು ಪುಟ್ಟ ಸ್ಟೌ. ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ, ಹೊಸದುರ್ಗದ ಕಡೆಯ ದಡದಲ್ಲಿ ಅದನ್ನು ಕಟ್ಟಿದ್ದರು. ಕುಡಿಯುವ ನೀರಾದ್ದರಿಂದ ಇಂಜಿನ್ ಹಾಕಕೂಡದು, ಹಾಯಿ ಮತ್ತು ಹುಟ್ಟು ಮಾತ್ರ ಎಂದು ಅನುಮತಿ ಪತ್ರದಲ್ಲಿ ಬರೆದಿತ್ತು. ದಡದಿಂದ ದಡಕ್ಕೆ ಹೋಗಿ, ಅಲ್ಲೇ ಅಡುಗೆ ಮಾಡಿಕೊಂಡು ಎರಡು ದಿನ ಕಳೆದು ಬರುವುದು ಅವರ ಆಸೆ.

ನನಗೆ ಈಜು ಬರುವುದಿಲ್ಲ. ಚಿತ್ರದುರ್ಗದಲ್ಲಿ ನೀರನ್ನು ಕೊಡದಲ್ಲಿ, ಡ್ರಮ್ಮಿನಲ್ಲಿ ನೋಡಿ ಬೆಳೆದವಳು ನಾನು. ತಳ ಕಾಣದ ನೀರಿನ ಮೇಲೆ ಕೂತರೆ ಕೈಗೆ ಸಿಕ್ಕ ಹಗ್ಗವನ್ನು ಬಿಡುವುದೇ ಇಲ್ಲ. ಆದರೂ ಹೋಗುತ್ತಿದ್ದೆ. ಅತ್ತೆ ಮೊದಲ ವಾರವೇ ಹೇಳಿಬಿಟ್ಟಿದ್ದರು: "ನೀನು ಹೋಗ್ಲಿಲ್ಲ ಅಂದ್ರೆ ಒಬ್ರೇ ಹೋಗ್ತಾರೆ ಕಣೆ. ನಾನಂತೂ ಅದ್ರ ಮೇಲೆ ಕಾಲಿಡಲ್ಲ." ಮಾಮನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡರೆ ಹೊತ್ತಿಗೆ ಸರಿಯಾಗಿ ಊಟ ಬೀಳಬೇಕು. ಇಲ್ಲದಿದ್ದರೆ ಮೊದಲು ಕೈ ನಡುಗುತ್ತದೆ, ಆಮೇಲೆ ಮಾತು ತೊದಲುತ್ತದೆ. ಆಮೇಲೆ ಏನಾಗುತ್ತದೆ ಎಂಬುದನ್ನು ವೈದ್ಯರು ಅತ್ತೆಗೆ ಹೇಳಿದ್ದಾರೆ, ಅತ್ತೆ ನನಗೆ ಹೇಳಿದ್ದಾರೆ.

ಜನವರಿ 12ರಂದು ನಾವು ಹಿನ್ನೀರಿನ ನಟ್ಟನಡುವೆ ನಿಂತುಬಿಟ್ಟೆವು. ಹಳೆಯ ಹಾಯಿಗಳ ಬಟ್ಟೆ ದಪ್ಪ. ಸಣ್ಣ ಗಾಳಿಗೆ ಅವು ಅಲುಗಲೂ ಇಲ್ಲ, ಒದ್ದೆ ಕಂಬಳಿಯ ಹಾಗೆ ಜೋತುಬಿದ್ದವು. ಹುಟ್ಟು ಹಾಕಿದರೆ ಅಷ್ಟು ಭಾರದ ದೋಣಿ ಹತ್ತು ಎಳೆತಕ್ಕೆ ಒಂದು ಮಾರು ಸರಿಯುತ್ತಿತ್ತು. ತಂದಿದ್ದ ಚಪಾತಿ ಹನ್ನೊಂದಕ್ಕೇ ಮುಗಿದಿತ್ತು. ಮಾಮನ ಬೆರಳುಗಳು ಹಗ್ಗದ ಮೇಲೆ ನಡುಗುವುದನ್ನು ನೋಡಿ "ಚಳಿನಾ ಮಾಮ?" ಎಂದೆ. "ಹೂಂ, ಚಳಿ" ಎಂದರು. ಮಧ್ಯಾಹ್ನದ ಬಿಸಿಲಿಗೆ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೋಣೆಯ ಮೂಲೆಯಲ್ಲಿ ಚಹಾಕ್ಕೆಂದು ಇಟ್ಟಿದ್ದ ಸಕ್ಕರೆ ಡಬ್ಬಿ ಸಿಕ್ಕಿತು. ಬಾಯಿಗೆ ಹಾಕಿಸಿದೆ. ಅದೊಂದರಿಂದ ಬಚಾವಾದೆವು.

ಅವತ್ತಿನಿಂದ ನನ್ನ ಹೆದರಿಕೆಗೆ ಒಂದು ಆಕಾರ ಬಂತು. ಗಾಳಿ ನಿಲ್ಲುವುದು, ದೋಣಿ ನಿಲ್ಲುವುದು, ಮಾಮ ನಿಲ್ಲುವುದು. ರಾತ್ರಿ ಹಾಸಿಗೆಯಲ್ಲಿ ಈ ಮೂರೂ ಒಂದರ ಹಿಂದೆ ಒಂದು ಬರುತ್ತಿದ್ದವು. ಮಂದಗಾಳಿಗೂ ಓಡುವಂಥ ತೆಳುವಾದ ಹಾಯಿಯೊಂದು ಬೇಕು ಎಂದು ಹಟ ಹಿಡಿದವಳು ನಾನೇ.

ಮರುವಾರ ಮಾಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನಲವತ್ತು ದಿನ ನೀರು, ಧೂಳು, ದೋಣಿ ಮೂರೂ ಬೇಡ ಎಂದರು ವೈದ್ಯರು. ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯಲ್ಲಿ ಕೂತು ಮಾಮ ಎರಡು ಹಾಯಿಗಳ ಚಿತ್ರ ಬಿಡಿಸಿದರು. ಒಂದು ಬಲೂನಿನಂಥದ್ದು. ಗಾಳಿಪಟದಷ್ಟು ತೆಳುವಾದ ನೈಲಾನ್, ಹಳೆಯ ಮುಂದಿನ ಹಾಯಿಯ ಎರಡೂವರೆಯಷ್ಟು ದೊಡ್ಡದು, ಮೂರು ಮೂಲೆಗಳಲ್ಲಿ ಮಾತ್ರ ಹಗ್ಗ. ಉಳಿದದ್ದೆಲ್ಲ ಗಾಳಿಯಲ್ಲಿ ಉಬ್ಬಿಕೊಂಡು ತೇಲಬೇಕು. ಇನ್ನೊಂದು ಅದರ ಅರ್ಧಕ್ಕಿಂತ ತುಸು ದೊಡ್ಡದು. ಅದೂ ತೆಳು ಬಟ್ಟೆಯೇ, ಆದರೆ ದೋಣಿಯ ಮೂತಿಯಿಂದ ಕಂಬದ ತುದಿಗೆ ಹೋಗುವ ತಂತಿಗೆ ಉದ್ದಕ್ಕೂ ಕೊಕ್ಕೆಗಳಿಂದ ಸಿಕ್ಕಿಸುವಂಥದ್ದು.

"ಎಷ್ಟು ಕಮ್ಮಿ ಗಾಳಿ ಅನ್ನೋದ್ರ ಮೇಲೆ ಹೋಗ್ತೈತೆ" ಎಂದರು ಮಾಮ. "ಗಾಳಿ ಸತ್ತೇ ಹೋಗೋ ಜಾಗ ಅಂದ್ರೆ ದೊಡ್ಡದು. ಸ್ವಲ್ಪನಾದ್ರೂ ಉಸ್ರಾಡ್ತೈತೆ ಅಂದ್ರೆ ಚಿಕ್ಕದು ಸಾಕು. ಲೆಕ್ಕ ನಿಂದು ಮೇಡಮ್ಮೋರೆ. ಗಣಿತ ಹೇಳೋರು ನೀವು."

ನಾನು ಹೊಳಲ್ಕೆರೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತೇನೆ. ಲೆಕ್ಕವಾದರೆ ನನಗೆ ಧೈರ್ಯ. ಹಿನ್ನೀರಿನ ದಡದಲ್ಲಿ ಕುರಿ ಮೇಯಿಸುವ ಅಜ್ಜ ಒಬ್ಬರಿದ್ದಾರೆ, ಮಂದೆಯ ಜೊತೆಗೆ ನಮ್ಮ ದೋಣಿಯ ಮೇಲೂ ಒಂದು ಕಣ್ಣಿಡುವವರು. ಅವರಿಗೆ ದಿನಾ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ ಗಾಳಿಯ ಸುದ್ದಿ ಕೇಳಿ ಬರೆದುಕೊಳ್ಳುವುದೆಂದು ಗೊತ್ತುಮಾಡಿದೆ. ಜನವರಿ 20ರಿಂದ ಫೆಬ್ರವರಿ 28ರವರೆಗೆ ನಲವತ್ತು ದಿನ.

ಮೊದಲ ದಿನ ಎಲ್ಲೆಲ್ಲೂ ಅಕಾಲದ ತುಂತುರು ಹಿಡಿದಿತ್ತು.

"ಅಜ್ಜಾ, ಮಳೆ ಹೆಂಗೈತೆ ಅಲ್ಲಿ?"

"ಮಳೆ ಬಿಡ್ತು ಕಣವ್ವ."

"ಗಾಳಿ?"

"ಗಾಳಿ ಬಿಟ್ಟೈತೆ."

ಮಳೆ ನಿಂತಿದೆ, ಗಾಳಿಯೂ ನಿಂತಿದೆ. ಹಾಗೆಂದು ತಿಳಿದು ಬರೆದುಕೊಂಡೆ. ಫೋನಿನಲ್ಲಿ ಹೊರ್ ಎಂದು ಒಂದೇ ಸಮನೆ ಸದ್ದು, ಸಿಗ್ನಲ್ ಸರಿಯಿಲ್ಲ ಎಂದುಕೊಂಡೆ. ಮರುದಿನವೂ "ಬಿಟ್ಟೈತೆ". ಅದರ ಮರುದಿನ "ಈ ಹೊತ್ತು ಸುಮ್ನೈತೆ ಕಣವ್ವ". ಸುಮ್ಮನೆ ಇದೆ ಎಂದರೆ ಹೆಚ್ಚೂ ಅಲ್ಲ ಕಮ್ಮಿಯೂ ಅಲ್ಲ, ಸಾಧಾರಣ ಗಾಳಿ ಎಂದುಕೊಂಡೆ. ಅಜ್ಜ ಮಾತು ಉದ್ದ ಮಾಡುವವರಲ್ಲ. ಕುರಿ ಚದುರುತ್ತವೆ ಎಂದು ಇಟ್ಟುಬಿಡುತ್ತಿದ್ದರು. ನಲವತ್ತು ದಿನ ಮುಗಿದಾಗ ಎಣಿಸಿದೆ. ಬಿಟ್ಟೈತೆ: 27. ಸುಮ್ನೈತೆ: 11. ಫೋನ್ ಸಿಗದ ದಿನ: 2. ಮಾಮನಿಗೆ ಈ ಮಾತುಗಳನ್ನು ನಾನು ಒಪ್ಪಿಸಲಿಲ್ಲ. ಗಾಳಿ ಇಲ್ಲದ ದಿನ ಇಪ್ಪತ್ತೇಳು ಎಂದು ಅಂಕಿ ಒಪ್ಪಿಸಿದೆ.

ಒಂದು ವಿಷಯ ಮಾತ್ರ ಹೊಂದುತ್ತಿರಲಿಲ್ಲ. ಶನಿವಾರ ಶಾಲೆ ಮುಗಿಸಿ ಹೊಳಲ್ಕೆರೆಯಿಂದ ಹೊಸದುರ್ಗದ ಬಸ್ಸಿನಲ್ಲಿ ಹೋಗುವಾಗ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಎಣಿಸುತ್ತಿದ್ದೆ. ಐದು ಶನಿವಾರಗಳಲ್ಲಿ ನಾಲ್ಕು ದಿನ ಅವು ಭರ್ರನೆ ತಿರುಗುತ್ತಿದ್ದವು. ಮಾಮನಿಗೆ ತೋರಿಸಿದೆ.

"ಅದು ಮೇಲಿನ ಗಾಳಿ ಕಣೇ" ಎಂದರು. "ಗುಡ್ಡದ ನೆತ್ತಿ ಮೇಲೆ, ಅದ್ರ ಮೇಲೆ ಅಷ್ಟೆತ್ತರದ ಕಂಬ. ನೀರಿನ ಮೇಲೆ ಬೇರೆ ಲೆಕ್ಕ. ಅಜ್ಜ ನೀರಿನ ಮಗ್ಗುಲಲ್ಲೇ ಕುಂತವ್ನೆ, ಅವ್ನ ಮಾತು ನಂಬೋಣ."

ನನಗೂ ಅಜ್ಜನ ಮಾತೇ ಬೇಕಾಗಿತ್ತು. ಗಾಳಿ ನಿಂತುಹೋಗುವುದೆಂದರೆ ಎಷ್ಟು ಹೆದರಿದ್ದೆನೆಂದರೆ, ನಿಂತಿದೆ ಎಂದು ಯಾರು ಹೇಳಿದರೂ ಒಪ್ಪಿಕೊಳ್ಳಲು ಸಿದ್ಧಳಾಗಿದ್ದೆ.

ಲೆಕ್ಕ ಯಾವ ಕಡೆಗೆ ವಾಲುತ್ತಿದೆ ಎಂದು ಫೆಬ್ರವರಿ ನಡುವಿಗೇ ಗೊತ್ತಾಗಿ, ಆಗಲೇ ದೊಡ್ಡ ಹಾಯಿ ಎಂದು ತೀರ್ಮಾನವಾಗಿತ್ತು. ಹಿರಿಯೂರಿನಲ್ಲಿ ಶಾಮಿಯಾನ ಹೊಲಿಯುವ ಹಿರಿಯ ಸಾಬರೊಬ್ಬರು ಒಪ್ಪಿಕೊಂಡರು. ಅಂಗಡಿಯ ನೆಲದ ತುಂಬ ಕಿತ್ತಳೆ ಬಣ್ಣದ ಬಟ್ಟೆ ಹಾಸಿ, ಅದರ ನಡುವೆ ಚಕ್ಕಂಬಕ್ಕಳ ಹಾಕಿ ಕೂತು ನನ್ನ ಅಳತೆಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಮ್ಮಾ, ಶಾಮಿಯಾನ ಆದ್ರೆ ಸುತ್ತ ಗೂಟ ಹೊಡೀತೀವಿ. ಆದ್ರೂ ಒಂದೊಂದ್ಸಲ ಮದುವೆಮನೆಯಿಂದ ಎದ್ದು ಹೋಗ್ತದೆ. ಇದಕ್ಕೆ ಮೂರೇ ಮೂಲೆ. ಗಾಳಿ ಬಂದ್ರೆ ಹಿಡ್ಯೋರು ಯಾರು?"

"ಗಾಳಿ ಇಲ್ಲದ ಜಾಗಕ್ಕೇ ಮಾಡಿಸ್ತಿರೋದು ಸಾಬ್ರೆ."

"ಗಾಳಿ ಇಲ್ದಿದ್ರೆ ಹಾಯಿ ಯಾಕಮ್ಮಾ?" ಎಂದು ನಕ್ಕು ಕತ್ತರಿ ತೆಗೆದುಕೊಂಡರು.

ಮಾರ್ಚ್ 2, ಭಾನುವಾರ. ನಲವತ್ತು ದಿನ ಮುಗಿದು ಒಂದೇ ದಿನ ಹೆಚ್ಚಾಗಿತ್ತು, ಮಾಮನಿಗೆ ಅಷ್ಟೂ ತಡೆಯಲಾಗಿರಲಿಲ್ಲ. ನಾವು ದಡಕ್ಕೆ ಬಂದಾಗ 8.35. ನೀರು ತಟ್ಟೆಯ ಹಾಗೆ ಅಲುಗದೆ ಇತ್ತು. ಮಾಮ ಕೋಣೆಯೊಳಗೆ ಬಗ್ಗಿ ಚೀಲ ಜೋಡಿಸುತ್ತಿದ್ದರು. ನಾನು ದಡದಲ್ಲಿ ಹಗ್ಗ ಬಿಚ್ಚುತ್ತಿದ್ದೆ. ಅಜ್ಜ ಕೋಲಿನ ಮೇಲೆ ಗದ್ದ ಊರಿ ನಿಂತಿದ್ದರು.

"ಇನ್ನೊಂದು ತಾಸಿಗೆ ಗಾಳಿ ಬಿಡ್ತೈತೆ ಕಣವ್ವ. ನೋಡ್ಕಂಡು ಹೋಗ್ರಿ."

ಒಂದು ಗಂಟೆಯಲ್ಲಿ ಇರುವ ಗಾಳಿಯೂ ಹೋಗುತ್ತದೆ ಎಂದು ನನಗೆ ಕೇಳಿಸಿತು. ಅವಸರ ಮಾಡಿದೆ. ಊಟದ ಡಬ್ಬಿ, ಸಕ್ಕರೆ, ಬಿಸ್ಕತ್ತು, ನೀರು ಎಲ್ಲ ಎರಡೆರಡು ಸಲ ಎಣಿಸಿದೆ. ಹೊಸ ಹಾಯಿಯ ಮೂಲೆಯಿಂದ ನನ್ನ ಕೈಗೆ ಬರುವ ಹಗ್ಗ ಎಲ್ಲಿ ಜಾರಿಹೋಗುತ್ತದೋ ಎಂದು ದೋಣಿಯ ಅಂಚಿನ ಗೂಟಕ್ಕೆ ಸುತ್ತಿ, ಮೇಲೆ ಎರಡು ಗಂಟು ಹಾಕಿದೆ. ಹಾಕಬಾರದೆಂದು ಮಾಮ ಹಿಂದೆ ಹೇಳಿದ್ದರು. ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು ಎಂದಿದ್ದರು. ನನಗೆ ಜಾರುವ ಭಯವೇ ದೊಡ್ಡದಾಗಿತ್ತು.

9.20ಕ್ಕೆ ಗುಡ್ಡವೊಂದರ ಮರೆಯಲ್ಲಿ ಮಾಮ ಹೊಸ ಹಾಯಿ ಏರಿಸಿದರು. ಇದ್ದೂ ಇಲ್ಲದ ಹಾಗಿದ್ದ ಗಾಳಿಗೆ ಅದು ನಿಧಾನವಾಗಿ ಬಿಚ್ಚಿಕೊಂಡು, ಕಿತ್ತಳೆ ಬಣ್ಣದ ದೊಡ್ಡ ಹೊಟ್ಟೆಯಾಗಿ ನಿಂತಿತು. ದೋಣಿ ಸದ್ದಿಲ್ಲದೆ ಸರಿಯಿತು. ಮಾಮ ಕಂಬ ಹಿಡಿದು ನಿಂತು ಮೇಲೆ ನೋಡುತ್ತಿದ್ದರು, ಹೊಸ ಕಣ್ಣು. "ಏನ್ ಬಣ್ಣ ಕಣೇ!" ಎಂದರು. ಆ ಕೆಲವು ನಿಮಿಷ ನನಗೆ ಹೆದರಿಕೆ ಇರಲಿಲ್ಲ ಎಂದು ಬರೆದುಕೊಂಡಿದ್ದೇನೆ. ಅವತ್ತು ಸಂಜೆ ಬರೆದದ್ದು, ಆದ್ದರಿಂದ ಪೂರ್ತಿ ನಂಬುವಂತಿಲ್ಲ.

ಗುಡ್ಡದ ಮರೆ ದಾಟಿದೆವು.

ಮುಂದಿನ ನೀರು ಕಪ್ಪಾಗಿ, ಚರ್ಮದ ಮೇಲೆ ಮುಳ್ಳೆದ್ದ ಹಾಗೆ ಕಾಣಿಸಿತು. ಅದು ಏನೆಂದು ಯೋಚಿಸುವ ಮೊದಲೇ ಹಾಯಿ ಢಪ್ ಎಂದು ಗುದ್ದಿಸಿಕೊಂಡಿತು. ದೋಣಿ ಒಂದು ಪಕ್ಕಕ್ಕೆ ಮಲಗಿತು. ಊಟದ ಡಬ್ಬಿಗಳು ಒಳಗೆ ಉರುಳಿದವು. ನನ್ನ ಬಲಗಡೆಯ ಅಂಚು ನೀರಿನೊಳಗೆ ಹೋಗಿ ನೀರು ಒಳಕ್ಕೆ ನುಗ್ಗಿತು. ಮಾಮನ ಕಾಲು ಜಾರಿತು. ಒಂದು ಕೈ ತಂತಿಯ ಮೇಲೆ, ಸೊಂಟದಿಂದ ಕೆಳಗೆ ನೀರಿನಲ್ಲಿ. ತೇಲುವ ಜಾಕೆಟ್ಟಿನ ಪಟ್ಟಿಯನ್ನು ಅವರು ಕಟ್ಟಿಕೊಂಡಿರಲಿಲ್ಲ, ಅದು ಕಿವಿಯವರೆಗೆ ಎದ್ದು ಬಂದಿತ್ತು.

"ಹಗ್ಗಾ! ಹಗ್ಗಾ ಬಿಡೇ!"

ಬಿಡಲು ಹೋದೆ. ಎರಡು ಗಂಟು ಬಿಗಿದು ಕಲ್ಲಾಗಿತ್ತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಮಾಮ ಏನೋ ಕೂಗುತ್ತಿದ್ದರು, ಮಾತು ನೀರಿನಲ್ಲಿ ಕಟ್ಟಾಗುತ್ತಿತ್ತು. ಒಂದು ಕ್ಷಣ ನಾನು ಏನೂ ಮಾಡದೆ ಕೂತಿದ್ದೆ. ಅದನ್ನು ಬರೆಯಬೇಕು. ಚುಕ್ಕಾಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಆಮೇಲೆ ಕಾಲಿಗೆ ಏನೋ ಚುಚ್ಚಿತು. ಸೌತೆಕಾಯಿ ಹೆಚ್ಚಲು ತಂದಿದ್ದ ಚಾಕು, ಡಬ್ಬಿಯ ಜೊತೆ ಉರುಳಿ ಬಂದಿತ್ತು. ಹಗ್ಗಕ್ಕೆ ಅದನ್ನು ಇಟ್ಟು ಗರಗಸದಂತೆ ಎಳೆದೆ. ಎಷ್ಟು ಸಲ ಎಳೆದೆನೋ, ಎಣಿಸಲಿಲ್ಲ.

ಹಗ್ಗ ಪಟ್ಟೆಂದು ಹರಿಯಿತು. ಹಾಯಿ ಬಾವುಟದ ಹಾಗೆ ಬಡಿದುಕೊಂಡಿತು, ದೋಣಿ ಎದ್ದು ನಿಂತಿತು. ಅದು ಎದ್ದ ರಭಸಕ್ಕೇ ಮಾಮ ಅಂಚಿನ ಮೇಲೆ ಬಂದು ಬಿದ್ದರು. ತೆವಳಿಕೊಂಡು ಹೋಗಿ ಕಂಬದ ಹಗ್ಗ ಬಿಚ್ಚಿದರು. ಹಾಯಿ ನೀರಿಗೆ ಬಿತ್ತು. ನೀರಿನಲ್ಲಿ ತೊಯ್ದ ಅಷ್ಟು ಬಟ್ಟೆಯನ್ನು ಎಳೆಯಲು ಇಬ್ಬರಿಗೂ ಆಗಲಿಲ್ಲ. ಅದನ್ನು ಎಳೆದುಕೊಂಡೇ ದೋಣಿ ಗಾಳಿಯ ದಿಕ್ಕಿಗೆ ಸರಿಯುತ್ತ ಹೋಗಿ ಜಾಲಿ ಗಿಡಗಳ ನಡುವೆ ದಡಕ್ಕೆ ತಾಗಿತು. ಹಾಯಿ ಮುಳ್ಳಿಗೆ ಸಿಕ್ಕಿ ಉದ್ದಕ್ಕೂ ಹರಿಯಿತು. 10.15.

ಅಜ್ಜ ಕುರಿಗಳನ್ನು ಬಿಟ್ಟು ಮೊಣಕಾಲುದ್ದ ನೀರಿಗೆ ಇಳಿದು ಬಂದರು. ಮಾಮನ ತುಟಿ ಬಿಳಿಚಿತ್ತು, ಕೈ ನಡುಗುತ್ತಿತ್ತು. ನೀರಿನದೋ, ಹೆದರಿಕೆಯದೋ, ಸಕ್ಕರೆಯದೋ ನನಗೆ ತಿಳಿಯಲಿಲ್ಲ. ಬಿಸ್ಕತ್ತು ಗಂಜಿಯಾಗಿತ್ತು. ಅಜ್ಜ ಹೆಗಲ ಚೀಲದಿಂದ ಬೆಲ್ಲದ ಉಂಡೆ ತೆಗೆದು ಕೊಟ್ಟರು. ಮಾಮ ಅದನ್ನು ಕಚ್ಚತೊಡಗಿದರು.

"ಹೇಳಿದ್ನಲ್ಲವ್ವ, ಗಾಳಿ ಬಿಡ್ತೈತೆ ಅಂತ" ಎಂದರು ಅಜ್ಜ.

"ಬಿಡ್ತೈತೆ ಅಂದ್ರೆ ನಿಲ್ತೈತೆ ಅಂತಲ್ವಾ? ಮಳೆ ಬಿಡ್ತು ಅಂದಂಗೆ?"

ಅಜ್ಜ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಮಳೆ ಬಿಟ್ರೆ ನಿಂತಂಗೆ. ಗಾಳಿ ಬಿಟ್ರೆ ಬೀಸಿದಂಗೆ. ಕಣದಾಗೆ ರಾಗಿ ತೂರಾಕೆ ಕಾಯ್ಕಂಡು ನಿಂತಿರ್ತೀವಿ ನೋಡು, ಗಾಳಿ ಬಿಡ್ತು, ಹಿಡೀರಲೇ ಮೊರಾನ ಅಂತೀವಿ. ಏನ್ ಓದಿಸ್ತೀಯವ್ವ ನೀನು ಇಸ್ಕೂಲಾಗೆ?"

"ಸುಮ್ನೈತೆ ಅಂದ್ರೆ?"

"ಸುಮ್ನೈತೆ ಅಂದ್ರೆ ಸುಮ್ನೈತೆ. ಎಲೆ ಅಲ್ಲಾಡಲ್ಲ."

ಮಾಮ ಬೆಲ್ಲ ಅಗಿಯುವುದನ್ನು ನಿಲ್ಲಿಸಿದರು. "ಲೇ, ಇವ್ನು ಬಿಟ್ಟೈತೆ ಅಂದಿದ್ದು ಇಪ್ಪತ್ತೇಳು ದಿನಾನಾ? ನಂಗೆ ಆ ಮಾತೇ ಹೇಳಿದ್ರೆ ಆಗ್ತಿರ್ಲಿಲ್ವೇನೇ?" ಎಂದವರೇ ನಗಲು ಶುರುಮಾಡಿದರು. ನಗುತ್ತ ಕೆಮ್ಮು ಬಂತು, ಕೆಮ್ಮುತ್ತ ಕಣ್ಣಲ್ಲಿ ನೀರು ಬಂತು. ನನಗೆ ನಗು ಬರಲಿಲ್ಲ. ದಡದ ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡೆ.

ಅದಾದ ಮೇಲೆ ಎರಡು ವಾರ ನಾನು ಹೊಸದುರ್ಗಕ್ಕೆ ಹೋಗಲಿಲ್ಲ. ಕಪ್ಪು ಹಲಗೆಯ ಮೇಲೆ ಬರೆಯುವಾಗ ಕೈ ಬಲಗಡೆಗೆ ವಾಲಿದರೂ ಸೀಮೆಸುಣ್ಣ ಬಿಟ್ಟು ಮೇಜು ಹಿಡಿದುಕೊಳ್ಳುತ್ತಿದ್ದೆ. ಅತ್ತೆಯ ಫೋನ್ ಬಂತು. "ಹಳೇ ಹಾಯಿ ಹಾಕ್ಕೊಂಡು ಒಬ್ರೇ ಹೋಗ್ತಾರಂತೆ. ಹೇಳಿದ್ರೆ ಕೇಳಲ್ಲ." ಪುಸ್ತಕ ತೆರೆದು ಕೂತೆ. ನಲವತ್ತು ದಿನದ ಲೆಕ್ಕ ಈಗ ತಲೆಕೆಳಗಾಗಿತ್ತು. ಹತ್ತು ಗಂಟೆಗೆ ಗಾಳಿ ಇರುವ ದಿನ 27, ಇಲ್ಲದ ದಿನ 11. ಅಂದರೆ ಬೆಳಿಗ್ಗೆ ತಟ್ಟೆಯಂತಿರುವ ನೀರು ಹೊತ್ತೇರಿದಂತೆ ಎದ್ದು ಕೂರುತ್ತದೆ. ತೆಳು ಹಾಯಿ ಬೇಕು, ಇಲ್ಲದಿದ್ದರೆ ಜನವರಿ 12. ದೊಡ್ಡ ಹಾಯಿ ಬೇಡ, ಮಾರ್ಚ್ 2. ಎಷ್ಟು ಗಾಳಿಗೆ ಎಷ್ಟು ದೊಡ್ಡದು ಎಂದು ಅಷ್ಟು ದಿನ ಕೇಳಿಕೊಂಡೆವು. ಬೇಡವಾದಾಗ ಯಾರು ಇಳಿಸುತ್ತಾರೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಮಾಮನಿಗೆ ಫೋನ್ ಮಾಡಿದೆ. "ಚಿಕ್ಕ ಹಾಯಿ. ತಂತಿಗೆ ಕೊಕ್ಕೆ ಹಾಕೋದು. ಕೂತ ಜಾಗದಿಂದ ನಾನೊಬ್ಬಳೇ ಇಳಿಸೋ ಹಾಗಿರಬೇಕು. ನೀವು ಏಳಬಾರದು. ಒಪ್ಪಿದ್ರೆ ಬರ್ತೀನಿ."

"ಏನು, ನನ್ನ ದೋಣೀಲಿ ನಾನೇ ಪ್ಯಾಸೆಂಜರಾ?"

"ಹೂಂ."

"ಬಾ, ನೋಡಾಣ" ಎಂದರು.

ಹರಿದ ಕಿತ್ತಳೆ ಬಟ್ಟೆಯಲ್ಲೇ ಸಾಬರು ಚಿಕ್ಕದನ್ನು ಕತ್ತರಿಸಿ ಹೊಲಿದರು. ಹಾಯಿಯ ನೆತ್ತಿಗೆ ಮಾಮ ಒಂದು ತೆಳು ಹಗ್ಗ ಕಟ್ಟಿ, ದೋಣಿಯ ಮೂತಿಯಲ್ಲಿದ್ದ ರಾಟೆಯ ಮೂಲಕ ನನ್ನ ಜಾಗಕ್ಕೆ ತಂದರು. ಏರಿಸುವ ಹಗ್ಗವನ್ನೂ ನನ್ನ ಪಕ್ಕಕ್ಕೇ ತಂದರು. ಅದನ್ನು ಸಡಿಲಿಸಿ ಇದನ್ನು ಎಳೆದರೆ ಹಾಯಿ ತಂತಿಯುದ್ದಕ್ಕೂ ಜಾರಿ ಮೂತಿಯ ಮೇಲೆ ಮಡಿಚಿ ಬೀಳುತ್ತದೆ. ದೋಣಿಯನ್ನು ದಡಕ್ಕೆ ಕಟ್ಟಿಟ್ಟೇ ಇಳಿಸಿದೆ. ಮೊದಲ ಸಲ 41 ಸೆಕೆಂಡು. ಐವತ್ತನೆಯ ಸಲ 9. ಮಧ್ಯೆ ಕಣ್ಣು ಮುಚ್ಚಿಕೊಂಡು ಹತ್ತು ಸಲ ಇಳಿಸಿದೆ, ಏಕೆಂದರೆ ಹೆದರಿದಾಗ ನಾನು ಕಣ್ಣು ಮುಚ್ಚುತ್ತೇನೆಂದು ಈಗ ಗೊತ್ತಿತ್ತು. ಅಜ್ಜ ದಡದಲ್ಲಿ ಕೂತು, "ಏರ್ಸಾದು ಇಳ್ಸಾದು, ಹೋಗಾದು ಯಾವಾಗವ್ವ?" ಎಂದು ಕೇಳಿದರು.

ಏಪ್ರಿಲ್ 6, ಭಾನುವಾರ. ಹೊರಟದ್ದು 7.50. ಮಾಮ ಜಾಕೆಟ್ಟಿನ ಪಟ್ಟಿ ಬಿಗಿದು ನನ್ನ ಎದುರಿಗೆ ಕೂತಿದ್ದರು. ಸುಮ್ಮನಿದ್ದ ನೀರು, ಆಗೊಮ್ಮೆ ಈಗೊಮ್ಮೆ ಕೆನ್ನೆಗೆ ತಾಗುವಷ್ಟು ಗಾಳಿ. ಕಿತ್ತಳೆ ಹಾಯಿ ಅದನ್ನೇ ಹಿಡಿದುಕೊಂಡು ಎಳೆಯುತ್ತಿತ್ತು. ನನ್ನ ಎಡಗೈ ಇಡೀ ಹೊತ್ತು ಇಳಿಸುವ ಹಗ್ಗದ ಮೇಲೇ ಇತ್ತು. ನೀರಿನ ಬಣ್ಣ ಎಲ್ಲಾದರೂ ಕಪ್ಪಾಗುತ್ತದೆಯೇ ಎಂದು ನೋಡಿ ನೋಡಿ ಕುತ್ತಿಗೆ ನೋಯುತ್ತಿತ್ತು.

ಹಿನ್ನೀರಿನ ನಡುವೆ ಮಾಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. ನನಗೂ ತೋರಿಸಿದರು.

"ಚಳಿ ಅಲ್ಲ ಕಣಮ್ಮ" ಎಂದರು. "ತಿರುಗ್ಸು."

ಸಕ್ಕರೆ ಕೊಟ್ಟೆ. ತಿರುಗಿಸಿದೆ. 8.42. ಗಾಳಿ ಇನ್ನೂ ಕಮ್ಮಿಯಾಗಿ ಕಂಬದ ಹಿಂದಿನ ಹಳೆಯ ದಪ್ಪ ಹಾಯಿ ಜೋತುಬಿತ್ತು, ತೆಳುವಾದದ್ದು ಮಾತ್ರ ಬೀಳಲಿಲ್ಲ. ದೋಣಿ ನಡೆದುಹೋಗುವ ವೇಗದಲ್ಲಿ ಸರಿಯುತ್ತಲೇ ಇತ್ತು. ಪ್ರತಿ ಐದು ನಿಮಿಷಕ್ಕೆ ಮಾಮನನ್ನು ಒಂದು ಗುಣಾಕಾರ ಕೇಳಿದೆ. ಹದಿನೇಳು ಎಂಟಲ? ನೂರಾ ಮೂವತ್ತಾರು. ಹತ್ತೊಂಬತ್ತು ಆರಲ? ಸ್ವಲ್ಪ ತಡೆದು, ನೂರಾ ಹದಿನಾಲ್ಕು. ಇಪ್ಪತ್ಮೂರು ಏಳಲ ಕೇಳಿದಾಗ ಅವರು ಕಣ್ಣು ಮುಚ್ಚಿದ್ದರು, ಸಕ್ಕರೆ ಡಬ್ಬಿಗೆ ಕೈ ಹಾಕಿದೆ.

"ನೂರಾ ಅರವತ್ತೊಂದು" ಎಂದರು ಕಣ್ಣು ತೆರೆಯದೆ. "ಪರೀಕ್ಷೆ ಸಾಕು, ದಡ ನೋಡು."

ದಡ ಮುಟ್ಟಿದ್ದು 9.24. ಅಲ್ಲೇ ಕೂತು ಅವರು ಊಟದ ಡಬ್ಬಿ ಬಿಚ್ಚಿದರು. ನಾನು ಹಾಯಿ ಇಳಿಸಿದೆ, ಹನ್ನೊಂದು ಸೆಕೆಂಡು. ಪುಸ್ತಕ ತೆಗೆದು ಎರಡನ್ನೂ ಬರೆದೆ.